ಚೋ ಲಾ ದಾಟುವ ಮುನ್ನ

‘ಹೇಗೂ ಅಷ್ಟು ದೂರ ಹೋಗುತ್ತೀವಲ್ಲ, ಅದನ್ನೂ ನೋಡಿಕೊಂಡೇ ಬಂದುಬಿಡೋಣ’ ಎನ್ನುವುದು ನಮ್ಮ ಮನೆಗಳಲ್ಲಿ ಬಹಳ ಹಳೆಯ ಮಾತು. ಬದರಿಗೆ ಹೊರಟವರಿಗೆ ಕೇದಾರವನ್ನು ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಇದನ್ನು ದುರಾಸೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಷ್ಟಪಟ್ಟು ಹೊಂದಿಸಿದ ರಜೆ, ಕೂಡಿಟ್ಟ ಹಣ, ಮುಂದಿನ ವರ್ಷ ಮೊಣಕಾಲು ಹೇಗಿರುತ್ತದೋ ಎಂಬ ಅಳುಕು, ಇವೆಲ್ಲ ಆ ಮಾತಿನ ಹಿಂದಿವೆ. ಹಿಮಾಲಯದ ಎರಡು ಎತ್ತರದ ಚಾರಣಗಳನ್ನು ಒಂದೇ ಪ್ರಯಾಣಕ್ಕೆ ಹೊಂದಿಸುವವರ ಲೆಕ್ಕಾಚಾರವೂ ಇದೇ. ಆದರೆ ಎರಡನ್ನು ಕೂಡಿಸುವುದೆಂದರೆ ಏನು? ಒಂದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟ ಮಾತ್ರಕ್ಕೆ ಅವು ಕೂಡಿದವೆನ್ನಬಹುದೇ?

ನಮ್ಮ ಹಿರಿಯರು ಕಾಶಿಯನ್ನೂ ರಾಮೇಶ್ವರವನ್ನೂ ಜೋಡಿಸಿದ ರೀತಿಯನ್ನು ನೆನೆಯೋಣ. ದೇಶದ ಈ ತುದಿ, ಆ ತುದಿ. ಕಾಶಿಯಿಂದ ಹೊತ್ತು ತಂದ ಗಂಗೆ ರಾಮೇಶ್ವರದ ಲಿಂಗಕ್ಕೆ ಅಭಿಷೇಕವಾದಾಗಲೇ ಯಾತ್ರೆ ಪೂರ್ಣವಾಯಿತೆಂದು ಅವರು ಭಾವಿಸಿದರು. ಎರಡು ಕ್ಷೇತ್ರಗಳನ್ನು ಒಂದಾಗಿಸಿದ್ದು ಒಂದರಿಂದ ಇನ್ನೊಂದಕ್ಕೆ ಒಯ್ದ ಆ ನೀರು. ಹಾಗಾದರೆ ಎರಡು ಪರ್ವತಗಳ ನಡುವೆ ನಾವು ಒಯ್ಯುವುದಾದರೂ ಏನನ್ನು?

ನೇಪಾಳದ ಖುಂಬು ಪ್ರದೇಶವನ್ನೇ ತೆಗೆದುಕೊಳ್ಳೋಣ. ಲುಕ್ಲಾದಲ್ಲಿ ವಿಮಾನವಿಳಿದು, 3,440 ಮೀಟರ್ ಎತ್ತರದ ನಾಮ್ಚೆ ಬಜಾರ್ ದಾಟಿದರೆ ಮುಂದೆ ದಾರಿ ಕವಲೊಡೆಯುತ್ತದೆ. ಬಲಗಡೆಯದು ತೆಂಗ್‌ಬೋಚೆ, ಡಿಂಗ್‌ಬೋಚೆ, ಲೋಬುಚೆಗಳ ಮೂಲಕ 5,364 ಮೀಟರ್‌ನ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುತ್ತದೆ. ಎಡಗಡೆಯದು ಡೋಲೆ, ಮಾಚೆರ್ಮೋ ಹಾದು ಗೋಕ್ಯೋ ಸರೋವರಗಳಿಗೆ. ನಡುವಿನ ಬೆಟ್ಟಸಾಲಿನಲ್ಲಿ ಚೋ ಲಾ ಎಂಬ ಕಣಿವೆದಾರಿ. ಎತ್ತರ 5,420 ಮೀಟರ್. ಎರಡು ಚಾರಣಗಳನ್ನು ಒಂದಾಗಿ ಮಾಡುವವರು ಬೇಸ್ ಕ್ಯಾಂಪ್ ಮುಗಿಸಿ, ಈ ಚೋ ಲಾ ಹತ್ತಿಳಿದು ಗೋಕ್ಯೋ ಸೇರುತ್ತಾರೆ. ಗೋಕ್ಯೋಗೆ ಮೊದಲು ಹೋಗಿ ಆಮೇಲೆ ಇತ್ತ ಬರುವವರೂ ಇದ್ದಾರೆ. ನಾನು ಮೊದಲಿನ ಕ್ರಮವನ್ನೇ ಮೆಚ್ಚುತ್ತೇನೆ. ಗೋಕ್ಯೋ ದಾರಿ ನೋಡಲು ಸೌಮ್ಯ. ಆದರೆ ನಾಮ್ಚೆಯಿಂದ ಮೂರೇ ದಿನಕ್ಕೆ 4,700 ಮೀಟರ್‌ಗೂ ಮೇಲೇರಿಸಿ, ಒಗ್ಗದ ಮೈಯನ್ನು ಕಾಡುವ ದಾರಿಯದು.

ಈ ಒಗ್ಗುವುದಿದೆಯಲ್ಲ, ಒಂದು ಕಣಿವೆಯಿಂದ ಇನ್ನೊಂದಕ್ಕೆ ನಾವು ಒಯ್ಯುವುದು ಇದನ್ನೇ. ಬೇಸ್ ಕ್ಯಾಂಪಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಆ ಕೊರತೆಗೆ ನಮ್ಮ ಅಪ್ಪಣೆ ಕೇಳದೆಯೇ ದೇಹ ಉತ್ತರ ಹುಡುಕತೊಡಗುತ್ತದೆ. ಉಸಿರು ಆಳವಾಗುತ್ತದೆ. ಆ ಉಸಿರಿನಿಂದ ಏರುಪೇರಾದ ರಕ್ತವನ್ನು ಸರಿದೂಗಿಸಲು ಮೂತ್ರಪಿಂಡಗಳು ದುಡಿಯುತ್ತವೆ. ನಡುರಾತ್ರಿ ಚಳಿಯಲ್ಲಿ ಮತ್ತೆ ಮತ್ತೆ ಎದ್ದು ಹೊರಗೆ ಹೋಗಬೇಕಾಗುವುದು ಅದಕ್ಕೇ. ನಿದ್ದೆಯಲ್ಲಿ ಉಸಿರು ಒಂದು ಗಳಿಗೆ ನಿಂತೇಹೋದಂತಾಗಿ, ಎದೆ ಬೆಚ್ಚಿ, ಮತ್ತೆ ಆರಂಭವಾಗುತ್ತದೆ. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು ಎಂಬ ನಿಯಮಗಳೆಲ್ಲ ಈ ನಿಧಾನದ ಕೆಲಸಕ್ಕೆ ನಾವು ಸಲ್ಲಿಸುವ ಗೌರವ.

ಈ ಗಳಿಕೆಯ ಸ್ವಭಾವವನ್ನು ಸ್ವಲ್ಪ ಯೋಚಿಸೋಣ. ಇದನ್ನು ಕೊಳ್ಳಲಾಗದು, ಬೇರೆಯವರಿಂದ ಪಡೆಯಲಾಗದು, ಊರಿಗೆ ತಂದು ಇಟ್ಟುಕೊಳ್ಳಲೂ ಆಗದು. ಕೆಳಗಿಳಿದು ಕೆಲವು ವಾರ ಕಳೆದರೆ ಕರಗಿಹೋಗುತ್ತದೆ. ಮುಂದಿನ ವರ್ಷ ಗೋಕ್ಯೋಗೆಂದೇ ಬಂದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಆದ್ದರಿಂದಲೇ ಎರಡನ್ನು ಕೂಡಿಸುವುದರಲ್ಲಿ ಒಂದು ವಿವೇಕವಿದೆ ಎನ್ನುತ್ತೇನೆ. ಬೇಸ್ ಕ್ಯಾಂಪಿನಿಂದ ನೇರ ಹೆಲಿಕಾಪ್ಟರ್ ಹತ್ತಿ ಕಾಠ್ಮಂಡುವಿಗೆ ಹಾರುವವರನ್ನು ಕಂಡಾಗ, ಕಾಯಿಲೆಯವರನ್ನು ಬಿಟ್ಟು, ನನಗೆ ಮರುಕವೇ ಆಗುತ್ತದೆ. ಅಷ್ಟು ದಿನ ದೇಹ ತಪಿಸಿ ಸಂಪಾದಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಗಾಳಿಗೆ ತೂರಿದಂತಾಯಿತಲ್ಲವೇ?

ಹಾಗೆಂದು ಒಯ್ಯುವುದೆಲ್ಲ ಒಳ್ಳೆಯದೇ ಆಗಿರುವುದಿಲ್ಲ. ಒಣಗಾಳಿಯ ಕೆಮ್ಮು, ಮಾಯವಾದ ಹಸಿವು, ಇಳಿದ ತೂಕ, ಇವೂ ಜೊತೆಗೆ ಬರುತ್ತವೆ. ಇವುಗಳಿಗಿಂತ ಅಪಾಯದ್ದು ‘ಅದನ್ನು ಮಾಡಿದವರಿಗೆ ಇದೇನು ಮಹಾ’ ಎಂಬ ಭಾವ. ಸಂಜೆ ಲಾಡ್ಜಿನಲ್ಲಿ ಯಾಕ್ ಸಗಣಿಯ ಬೆರಣಿ ಉರಿಯುವ ಒಲೆಯ ಸುತ್ತ ಎಲ್ಲರೂ ಕೂತಿರುವಾಗ, ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಕೈಯಿಂದ ಕೈಗೆ ಸಾಗುತ್ತದೆ. ಎಂಬತ್ತೆರಡು ಬಂದವನು ಎಪ್ಪತ್ತೆಂಟು ಬಂದವನ ಮುಖ ನೋಡುತ್ತಾನೆ. ಅಲ್ಲಿಯೂ ಪರೀಕ್ಷೆಯ ಅಂಕಗಳು! ತಲೆ ಸಿಡಿಯುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯಕ್ಕಿಂತ ಆ ಪುಟ್ಟ ಪರದೆಯ ಅಂಕಿ ನಮಗೆ ದೊಡ್ಡದಾಗುವುದೇಕೆ?

ಚೋ ಲಾ ಈ ಭಾವವನ್ನು ಸಹಿಸುವುದಿಲ್ಲ. ಬೇಸ್ ಕ್ಯಾಂಪ್ ಕಡೆಯ ಕೊನೆಯ ತಂಗುದಾಣವಾದ ಜೊಂಗ್ಲಾದಿಂದ ಬೆಳಕು ಹರಿಯುವ ಮೊದಲೇ ಹೊರಡಬೇಕು. ಮೇಲೆ ಬಿರುಕುಗಳಿರುವ ಹಿಮನದಿ, ಆಚೆಗೆ ಥಗ್ನಾಕ್ ಕಡೆಯ ಕಡಿದಾದ ಕಲ್ಲುರಾಶಿಯ ಇಳಿಜಾರು. ರಾತ್ರಿಯ ಹಿಮ ಆ ಕಲ್ಲುಗಳನ್ನು ಹಿಡಿದಿಟ್ಟಿರುತ್ತದೆ. ಬಿಸಿಲೇರಿದಂತೆ ಅವು ಸಡಿಲಗೊಂಡು ಉರುಳತೊಡಗುತ್ತವೆ. ತಾನಾಗಿ ಯಾರ ಗುರಿಯೂ ಅಲ್ಲದ ಈ ಜಾಗದಲ್ಲಿಯೇ ಇಡೀ ಪ್ರಯಾಣದ ಹೆಚ್ಚಿನ ಎಚ್ಚರ ಬೇಕಾಗುತ್ತದೆ. ಹಿಮ ಬಿದ್ದು ದಾರಿ ಮುಚ್ಚಿದರೆ? ಪಾಂಗ್‌ಬೋಚೆಗೆ ಇಳಿದು, ಫೋರ್ತ್ಸೆ ಸುತ್ತಿ, ಮತ್ತೆ ಗೋಕ್ಯೋ ಕಣಿವೆಯನ್ನು ಏರಬೇಕು. ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಇನ್ನೊಮ್ಮೆ ಗಳಿಸುವ ಈ ಸುತ್ತುದಾರಿಗೆ ಹೆಚ್ಚುವರಿ ದಿನಗಳು ಬೇಕು. ಆ ದಿನಗಳನ್ನು ಕೈಯಲ್ಲಿಟ್ಟುಕೊಳ್ಳದೆ ಹೊರಟವರು ಕೂಡಿಸಿದ್ದು ಎರಡು ಹೆಸರುಗಳನ್ನು ಮಾತ್ರ. ಎರಡನೆಯದನ್ನು ಕೈಬಿಡಲು ಸಿದ್ಧರಿದ್ದವರೇ ಎರಡಕ್ಕೂ ಅರ್ಹರು ಎಂಬುದು ನನ್ನ ನಂಬಿಕೆ.

ಇಷ್ಟೆಲ್ಲ ಯಾವುದಕ್ಕಾಗಿ? ಮೊದಲ ಕಣಿವೆಯಲ್ಲಿ ನಾವು ನಡೆಯುವುದು ಒಂದೇ ಹೆಸರಿನತ್ತ. ವಿಚಿತ್ರವೆಂದರೆ ಆ ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟಿನ ಶಿಖರವೇ ಕಾಣುವುದಿಲ್ಲ. ಅದಕ್ಕಾಗಿ ಕಾಲಾ ಪತ್ಥರ್ ಏರಬೇಕು. ಎರಡನೆಯ ಕಣಿವೆಯಲ್ಲಿ ಗೋಕ್ಯೋ ರಿ ಹತ್ತಿ ನಿಂತಾಗ ಕಾಣುವುದು ಬೇರೆಯೇ ನೋಟ. ಎವರೆಸ್ಟ್, ಲ್ಹೋತ್ಸೆ, ಮಕಾಲು, ಚೋ ಓಯು, ಎಂಟು ಸಾವಿರ ಮೀಟರ್ ಮೀರಿದ ನಾಲ್ವರೂ ಒಂದೇ ಸಭೆಯಲ್ಲಿ. ಕೆಳಗೆ ಕಲ್ಲುಮಣ್ಣು ಹೊದ್ದ ನ್ಗೋಜುಂಪಾ ಹಿಮನದಿ, ಅದರ ಮಗ್ಗುಲಲ್ಲಿ ಶ್ರಾವಣದ ಹುಣ್ಣಿಮೆಗೆ ಭಕ್ತರು ಮೀಯುವ ಸರೋವರ. ಅತ್ಯಂತ ಎತ್ತರದ್ದೆಂದು ನಾವು ಅರಸಿ ಹೋದದ್ದು ಇಲ್ಲಿ ನಾಲ್ವರಲ್ಲಿ ಒಬ್ಬನಾಗುತ್ತದೆ. ಮೊದಲ ಯಾತ್ರೆಯ ದೃಷ್ಟಿಯನ್ನು ಎರಡನೆಯದು ತಿದ್ದುವುದೆಂದರೆ ಇದೇ ಅಲ್ಲವೇ?

ಇಷ್ಟು ಹೊತ್ತೂ ನಾವು ಒಯ್ಯುವುದರ ಮಾತಾಡಿದೆವು. ನಮ್ಮ ಗಂಟುಮೂಟೆಯನ್ನು ಒಯ್ಯುವವರು ಬೇರೆಯವರು. ನಾಮ್ಲೋ ಪಟ್ಟಿಯನ್ನು ಹಣೆಗೆ ಕೊಟ್ಟು, ಬುಟ್ಟಿಯ ಭಾರಕ್ಕೆ ಕತ್ತು ಬಗ್ಗಿಸಿ, ಕುಳ್ಳನೆಯ ಊರುಗೋಲನ್ನು ಬುಟ್ಟಿಯಡಿಗೆ ಆನಿಸಿ ನಿಂತೇ ದಣಿವಾರಿಸಿಕೊಳ್ಳುವವರು ಅವರು. ಅವರೆಲ್ಲ ಎತ್ತರದಲ್ಲೇ ಹುಟ್ಟಿದ ಶೆರ್ಪಾಗಳಲ್ಲ. ತಗ್ಗಿನ ಹಳ್ಳಿಗಳಿಂದ ಕೂಲಿಗೆ ಬಂದ ರಾಯ್‌ಗಳು, ತಮಾಂಗರು ಅನೇಕರಿದ್ದಾರೆ. ಅವರ ಮೈಯೂ ನಮ್ಮದರಂತೆಯೇ ಒಗ್ಗಬೇಕು, ಅವರ ತಲೆಯೂ ನಮ್ಮದರಂತೆಯೇ ಸಿಡಿಯುತ್ತದೆ. ನಾವು ಇನ್ನೊಂದು ಚಾರಣ ಕೂಡಿಸಿದರೆ ಅವರ ಪಾಲಿಗೆ ಕೂಡುವುದು ಒಂದು ಹಿಮನದಿ, ಇನ್ನಷ್ಟು ಕೊರೆಯುವ ರಾತ್ರಿಗಳು. ಜೊಂಗ್ಲಾದಲ್ಲಿ ಹಿಮದ ಮೇಲೆ ಜಾರದಂತೆ ಬೂಟಿಗೆ ಕ್ರಾಂಪಾನ್ ಕಟ್ಟಿ ನೋಡುವಾಗ, ಅವರ ಕಾಲಲ್ಲಿ ಏನಿದೆ, ರಾತ್ರಿ ಎಲ್ಲಿ ಮಲಗುತ್ತಾರೆ, ಈ ಮೇಲಿನ ದಿನಗಳಿಗೆ ಕೂಲಿ ಎಷ್ಟೆಂದು ಮಾತಾಗಿದೆ ಎಂದು ಕೇಳಿ ತಿಳಿದುಕೊಳ್ಳೋಣ. ಕಾಠ್ಮಂಡುವಿನಲ್ಲಿ ಏಜೆನ್ಸಿಗೆ ಮುಂಗಡ ಕೊಡುವಾಗಲೇ ಕೇಳುವುದು ಇನ್ನೂ ಒಳ್ಳೆಯದು. ಬೂಟು ಕೊಳ್ಳಲು ಅಲ್ಲಿ ಅಂಗಡಿಗಳಿರುತ್ತವೆ.