ಅರ್ಧ ನೆನಪು

ಸೆಪ್ಟೆಂಬರ್ 17 ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬಾವುಟ ಹಾರುತ್ತದೆ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನವದು. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಲಿದದ್ದನ್ನು ಮಕ್ಕಳಿಗೆ ಹೇಳುತ್ತೇವೆ, ಹೇಳಲೇಬೇಕು. ಪೊಲೀಸ್ ಕಾರ್ಯಾಚರಣೆಯ ನಂತರದ ಕಥೆ ಮಾತ್ರ ಕೇಳಿಬರುವುದು ಅಪರೂಪ. ಆಗ ಕಡಿಮೆಯೆಂದರೂ 27ರಿಂದ 40 ಸಾವಿರ ಜನ ಸತ್ತರೆಂದು ಕೇಂದ್ರ ಸರ್ಕಾರ ಕಳಿಸಿದ್ದ ಪಂಡಿತ ಸುಂದರಲಾಲರ ಸಮಿತಿ ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು. ಬಹಳ ನೊಂದ ನಾಲ್ಕು ಜಿಲ್ಲೆಗಳಲ್ಲಿ ನಾವು ಆಗ ಸೇರಿದ್ದ ಗುಲಬರ್ಗಾವೂ ಒಂದು.

ಇದಕ್ಕೆ ಧರ್ಮವೇ ಕಾರಣವೆ? ತಿಂಥಣಿ ಮೋನಪ್ಪಯ್ಯನಿಗೆ ಎರಡೂ ಧರ್ಮದವರು ಇಂದಿಗೂ ನಡೆದುಕೊಳ್ಳುತ್ತಾರಲ್ಲ! ಗದ್ದುಗೆ ಕೈತಪ್ಪುವ ಭಯವೇ ಧರ್ಮದ ಹೆಸರು ಹೇಳಿ ಬಂದೂಕು ಕೊಟ್ಟಿತು, ಆಳುವವರು ತಡೆಯಲಿಲ್ಲ. ಆಮೇಲೆ ಬಂದ ಸೇಡು ತಪ್ಪು ಮಾಡಿದವನನ್ನು ಬಿಟ್ಟು ಅವನ ಧರ್ಮದವರನ್ನೆಲ್ಲ ಹುಡುಕಿತು. ರಜ್ವಿ 1957ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಪಾಕಿಸ್ತಾನ ಸೇರಿದ. ಬೆಲೆ ತೆತ್ತವರು ಅವನ ಮುಖವನ್ನೇ ಕಾಣದವರು.

ಎರಡನ್ನೂ ಹೇಳಿದರೆ ಮಕ್ಕಳ ಮನಸ್ಸು ಕೆಡುವುದಿಲ್ಲವೆ ಎಂದು ನೀವು ಕೇಳಬಹುದು. ಅರ್ಧ ಹೇಳಿದರೇ ಕೆಡುವುದು ಹೆಚ್ಚು. ತನ್ನವರ ಸಾವನ್ನಷ್ಟೇ ಎಣಿಸಲು ಕಲಿತ ಮಗು ನಾಳೆ ಪಕ್ಕದ ಮನೆಯ ಸಾವಿಗೆ ನ್ಯಾಯ ಹುಡುಕುತ್ತದೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಜೀವ ಪಣಕ್ಕಿಟ್ಟು ಉಳಿಸಿದ್ದೂ ಅದೇ ವರದಿಯಲ್ಲಿದೆ. ಮಕ್ಕಳಿಗೆ ಅದನ್ನೂ ಹೇಳೋಣ.