ಬಾಗಿಲ ಬಳಿಯ ಲಾಜರ



ಸಂತ ಲೂಕರ ಶುಭಸಂದೇಶದ 16ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಧನಿಕ ಮತ್ತು ಲಾಜರನ ಸಾಮತಿ ನಮಗೆಲ್ಲ ಗೊತ್ತು. ಆ ಧನಿಕ ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಅವನದೇನನ್ನೂ ಕದಿಯಲಿಲ್ಲ. ಬಾಗಿಲಲ್ಲೇ ಬಿದ್ದಿದ್ದವನನ್ನು ಕಂಡೂ ಕಾಣದಂತೆ ಇದ್ದುಬಿಟ್ಟ. ಅವನ ಪಾಪ ಅದೇ.

ಹವಾಮಾನ ಬದಲಾವಣೆಯ ಮಾತು ಬಂದಾಗ ನಾವು ಭಾರತೀಯರು ಲಾಜರನ ಜಾಗದಲ್ಲಿ ನಿಲ್ಲುತ್ತೇವೆ. ಅದು ಸುಳ್ಳಲ್ಲ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರಿದರೆ, ಭಾರತದಲ್ಲಿ ಸುಮಾರು 2 ಟನ್. ಶತಮಾನಕ್ಕೂ ಮಿಕ್ಕಿ ಕಲ್ಲಿದ್ದಲು ಉರಿಸಿ ಶ್ರೀಮಂತವಾದ ದೇಶಗಳು, ಈಗತಾನೇ ದೀಪ ಹಚ್ಚಿಕೊಂಡ ಬಡವನಿಗೆ ಅದನ್ನು ಆರಿಸು ಎನ್ನುವುದು ನ್ಯಾಯವಲ್ಲ. ಬಡವರಿಗೆ ಬೆಳಕು, ಕೆಲಸ, ರಸ್ತೆ ಬೇಕು. ಅಭಿವೃದ್ಧಿ ಪಾಪವಲ್ಲ.

ಆದರೆ ನಮ್ಮ ದೇಶದೊಳಗೂ ಒಂದು ಬಾಗಿಲಿದೆ. ಅಲ್ಲಿ ಲಾಜರ ಯಾರು, ಧನಿಕ ಯಾರು?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಚಹಾ ತೋಟದ ಕಾರ್ಮಿಕರು ಅವರಲ್ಲಿದ್ದರು. ನಮ್ಮ ಚಾಮರಾಜನಗರದ ಕಡೆಯಿಂದ ಹೋಗಿ ನೆಲೆಸಿದವರೂ ಇದ್ದರು. ಭೂಮಿಯ ತಾಪ ಏರಿದ್ದರಿಂದ ಅಂದಿನ ಮಳೆ ಶೇಕಡಾ 10ರಷ್ಟು ಹೆಚ್ಚು ಬಿರುಸಾಗಿತ್ತೆಂದು ವಿಜ್ಞಾನಿಗಳು ಅಂದಾಜು ಮಾಡಿದರು. ಪಶ್ಚಿಮ ಘಟ್ಟವನ್ನು ಕಾಯಬೇಕೆಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ಎಚ್ಚರಿಸಿತ್ತು. ಆ ವರದಿಯನ್ನು ವಿರೋಧಿಸಿದವರಲ್ಲಿ ಕೇರಳದ ನಮ್ಮ ಧರ್ಮಸಭೆಯವರೂ ಇದ್ದರು. ಜಮೀನು ಕೈತಪ್ಪೀತೆಂಬ ರೈತರ ಅಂಜಿಕೆ ಸಣ್ಣದಲ್ಲ. ಆದರೆ ಗುಡ್ಡದ ಕೆಳಗೆ ಮಲಗಿದವನ ಚಿಂತೆಯನ್ನು ಯಾರು ಮಾಡಿದರು? ಇದನ್ನು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಏದೆನ್ ತೋಟವನ್ನು ದೇವರು ಮಾನವನಿಗೆ ವಹಿಸಿದ್ದು ವ್ಯವಸಾಯ ಮಾಡಲು, ಜೊತೆಗೆ ಕಾಯಲು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಪೋಪ್ ಫ್ರಾನ್ಸಿಸರೂ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಆಲಿಸಲು ಕರೆಕೊಟ್ಟರು.

ಆದುದರಿಂದ ಊರಿಗೆ ಒಂದು ಯೋಜನೆ ಬಂದಾಗ ಬೇಕೋ ಬೇಡವೋ ಎಂದಷ್ಟೇ ಕೇಳಿದರೆ ಸಾಲದು. ಲಾಭ ಯಾರಿಗೆ, ಕಷ್ಟ ಯಾರಿಗೆ ಎಂದು ಕೇಳಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಹಾಗೆ ಕೇಳುವುದೂ ಕ್ರೈಸ್ತನ ಕರ್ತವ್ಯವೇ.

ಇಂದು ಸಂಜೆ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು ಯೋಚಿಸೋಣ: ವರ್ಷದಿಂದ ವರ್ಷಕ್ಕೆ ಏರುತ್ತಿರುವ ಬಿಸಿಲಲ್ಲಿ ನಮಗಾಗಿ ದುಡಿಯುವವರಿಗೆ ನೆರಳು, ನೀರು, ಮಧ್ಯಾಹ್ನದ ವಿರಾಮ ಕೊಡುತ್ತಿದ್ದೇವೆಯೇ? ಲಾಜರ ದೂರದಲ್ಲಿಲ್ಲ. ಅವನನ್ನು ಕಾಣುವ ಕಣ್ಣನ್ನು ಪ್ರಭು ನಮಗೆ ದಯಪಾಲಿಸಲಿ. ಆಮೆನ್.