ಎರೆಮಣ್ಣಿನ ತೇವ

ಕಲಬುರಗಿ ಸುತ್ತಿನ ಎರೆಹೊಲಗಳನ್ನು ಹಿಂಗಾರಿನಲ್ಲಿ ನೋಡಬೇಕು. ಮಳೆ ಹಿಂದೆ ಸರಿದು ಎಷ್ಟೋ ದಿನವಾಗಿರುತ್ತದೆ, ಮುಗಿಲಲ್ಲಿ ಮೋಡದ ಸುಳಿವಿಲ್ಲ. ಆದರೂ ಬಿಳಿಜೋಳ ಹಸಿರಾಗಿ ನಿಂತಿರುತ್ತದೆ. ಉಂಡ ನೀರನ್ನು ಕರಿಮಣ್ಣು ಒಡಲಲ್ಲಿ ಹಿಡಿದಿಟ್ಟುಕೊಂಡು ತೆನೆ ಕಟ್ಟುವತನಕ ಬೇರಿಗೆ ಉಣಿಸುತ್ತದೆ. ಜಿಗುಟು ಮಣ್ಣು, ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ ಎಂದು ಬಲ್ಲವರು ಕಾರಣ ಹೇಳುತ್ತಾರೆ. ಕಾರಣ ತಿಳಿದ ಮೇಲೂ ನನ್ನ ಬೆರಗು ಇಳಿದಿಲ್ಲ. ಈ ಸೀಮೆಯ ಕವಿತೆಯೂ ಹೀಗೇ ಬದುಕಿದ್ದು.

ಇದೇ ಜಿಲ್ಲೆಯ ಮಳಖೇಡ, ಕಾಗಿಣಾ ದಂಡೆಯ ಊರು, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’ ನಮಗೆ ದೊರೆತ ಮೊದಲ ಕನ್ನಡ ಗ್ರಂಥ. ಅಲಂಕಾರಶಾಸ್ತ್ರ ಹೇಳಹೊರಟವನು ಮೊದಲು ನಾಡಿನ ಎಲ್ಲೆಯನ್ನು ಎರಡು ಹೊಳೆಗಳಿಂದ ಗುರುತಿಸುತ್ತಾನೆ. ಓದಿನ ಹಂಗಿಲ್ಲದ ಜನಕ್ಕೂ ಕಾವ್ಯದ ಜಾಣ್ಮೆಯಿದೆ ಎಂದು ಮನಸಾರೆ ಒಪ್ಪುತ್ತಾನೆ. ನೆಲ, ಜನರ ನಾಲಗೆ, ಆಮೇಲೆ ಕಾವ್ಯ: ಈ ಅನುಕ್ರಮ ನನಗೆ ಬಹಳ ಹಿಡಿಸಿದೆ.

ಮುಂದೆ ಅರಮನೆಯ ಮಾತು ಬದಲಾಯಿತು. 1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, ಪಾರಸಿ ಬಂತು, ದಖನಿ ಬೆಳೆಯಿತು. ನಿಜಾಮರ ಆಳ್ವಿಕೆಯಲ್ಲಿ, 1948ರ ಸೆಪ್ಟೆಂಬರ್‌ತನಕ, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನದೇ ಮೇಲುಗೈ. ಕನ್ನಡಕ್ಕೆ ಮಳೆಯಿಲ್ಲದ ಕಾಲ ಅದು. ಆಗ ಹಾಡನ್ನು ಉಳಿಸಿದವರು ತತ್ವಪದಕಾರರು ಮತ್ತು ಅವರ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿದ ಭಜನೆಯ ಮಂದಿ. ಕಡಕೋಳ ಮಡಿವಾಳಪ್ಪನವರಂಥ ಗುರು, ಚನ್ನೂರ ಜಲಾಲಸಾಹೇಬರಂಥ ಶಿಷ್ಯ! ಒಂದೇ ಏಕತಾರಿಗೆ ಜಾತಿ-ಮತ ಮರೆತು ದನಿಗೂಡಿಸಿದವರು ಇವರು. ಊರಿಗೆ ಬಂದ ಮಾತನ್ನೂ ಈ ಜನ ಹೊರಗೆ ನಿಲ್ಲಿಸಲಿಲ್ಲ. ‘ಖರೇ’, ‘ಜಲ್ದಿ’ ಇವೆಲ್ಲ ಇಂದು ನಮ್ಮವೇ.

ಮಾತಿನ ಹಾಗೆ ಇಲ್ಲಿಯ ನೆಲವೂ ಒಂದೇ ಬಗೆಯದಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದರೆ ಬಯಲು ಮುರಿದು ಗುಡ್ಡ, ತಗ್ಗು ಶುರುವಾಗುತ್ತವೆ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುವುದು ಅಲ್ಲೇ. ಸಾಮಾನ್ಯ ಬಾಳೆಗಿಂತ ತಡವಾಗಿ ಗೊನೆ ಬಿಡುವ, ರೈತನ ತಾಳ್ಮೆ ಕೇಳುವ ಬೆಳೆ ಅದು. ತೊಗರಿ, ಜೋಳದ ಜಿಲ್ಲೆಯೊಳಗೇ ಇಂಥದೊಂದು ಹಣ್ಣು ಇರುವುದು ನನಗೆ ಪ್ರತಿಸಲವೂ ಸೋಜಿಗ. ಇಷ್ಟು ಹತ್ತಿರದಲ್ಲಿ ನೆಲ ತನ್ನ ಬಗೆ ಬದಲಿಸುವುದಾದರೆ, ಇಲ್ಲಿಯ ಕವಿ ಒಂದೇ ರಾಗಕ್ಕೆ ಕಟ್ಟುಬೀಳುವುದಾದರೂ ಹೇಗೆ?

ಚೆನ್ನಣ್ಣ ವಾಲೀಕಾರರು ಕಟ್ಟುಬೀಳಲಿಲ್ಲ. ಕೇರಿಯ ಸಿಟ್ಟು, ಹಾಡು, ಬೈಗುಳ ಎಲ್ಲವನ್ನೂ ಅವರು ಕಾವ್ಯಕ್ಕೆ ತಂದರು. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಈ ಸೀಮೆಯ ಹೆಣ್ಣುಮಕ್ಕಳ ಮಾತಿಗೇ ಮನ್ನಣೆ ಸಿಕ್ಕಂತಾಯಿತು.

ಅದಕ್ಕೇ ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ ನನ್ನದೊಂದು ವಿನಂತಿ. ಕಮಲಾಪುರದ ಹುಡುಗಿಯೊಬ್ಬಳು ಪಟ್ಟಿಯಲ್ಲಿ ‘ನಾ ಹೊಲಕ್ಕ ಹೊಂಟೀನಿ’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಹಾಕಬೇಡಿ. ಪುಸ್ತಕದ ಕನ್ನಡವನ್ನು ಆಕೆ ಹೇಗೂ ಕಲಿಯುತ್ತಾಳೆ. ಹೊಲದಲ್ಲಿ ಏನು ಕಂಡಿ ಎಂದು ಕೇಳಿ, ಮುಂದಿನ ಸಾಲು ಬರೆಯಲು ಬಿಡಿ.